ಹಗ್ಗ ಕತ್ತರಿಸಿದ ಮೇಲಣ್ಣ

ನನ್ನದು ಬಿಸ್ಕತ್ತು, ಬನ್ನು, ಬಣ್ಣದ ಶರಬತ್ತಿನ ಅಂಗಡಿ. ಪಕ್ಕದಲ್ಲೇ ಬಂದರಿನ ಬೇಲಿ, ಬೇಲಿಗೆ ತಾಗಿದಂತೆ ಒಂದು ಹಳೆಯ ಕ್ರೇನು. ಅದರ ನೆತ್ತಿಯ ಗಾಜಿನ ಗೂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವನು ಮೇಲಣ್ಣ. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಲಾರಿಯ ಮೇಲೆ ಆಚೀಚೆ ಒಂದೊಂದು ಗೇಣು ಜಾಗವಿದ್ದರೆ ಸಾಕು, ಹಡಗಿನ ಕಬ್ಬಿಣದ ಪೆಟ್ಟಿಗೆಯನ್ನು ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಇಳಿಸುತ್ತಿದ್ದ.

ಬೆಳಗ್ಗೆ ನೂರಾ ಹತ್ತು ಮೆಟ್ಟಿಲು ಹತ್ತಿದರೆ ಇಳಿಯುವುದು ಸಂಜೆಗೇ. ನಡುವೆ ಹಸಿವಾದರೆ ಗೂಡಿನಿಂದ ಹಗ್ಗ ಕಟ್ಟಿದ ಚೀಲ ಇಳಿಯುತ್ತಿತ್ತು. ಬೇಲಿಯ ಸಂದಿಯಲ್ಲಿ ಕೈ ಹಾಕಿ ನಾನು ಬಿಸ್ಕತ್ತು ತುಂಬುತ್ತಿದ್ದೆ. ದಿನಕ್ಕೆ ನಾಲ್ಕು ಸಲ. ಗಿರಾಕಿ ಎಂದರೆ ಹೀಗಿರಬೇಕು ಎಂದುಕೊಂಡಿದ್ದೆ.

ಕಳೆದ ವರ್ಷದ ತಪಾಸಣೆಯಲ್ಲಿ ಬಂದರಿನ ಡಾಕ್ಟರು ಅವನ ಸಕ್ಕರೆ ನೋಡಿ ಹುಬ್ಬೇರಿಸಿದರು. ಮಾತ್ರೆ ಬರೆದುಕೊಟ್ಟು ಮೂರು ತಿಂಗಳ ಗಡುವು ಹಾಕಿದರು. ಅಷ್ಟರಲ್ಲಿ ಹತೋಟಿಗೆ ಬರದಿದ್ದರೆ ಗೂಡು ಬೇರೆಯವರಿಗೆ. ಇವನು ಗೇಟಿನಲ್ಲಿ ಕೂತು ಲಾರಿ ನಂಬರು ಬರೆಯಬೇಕು. ಆಕಾಶದಲ್ಲಿದ್ದವನಿಗೆ ಗೇಟೆಂದರೆ ಪಾತಾಳ.

ಅವನ ಅಕ್ಕ ಶಾಲೆಯಲ್ಲಿ ವಿಜ್ಞಾನದ ಟೀಚರು. ಮನುಷ್ಯ ಲಕ್ಷಾಂತರ ವರ್ಷ ಅಲೆದಾಡಿಕೊಂಡೇ ಹೊಟ್ಟೆ ಹೊರೆದವನು, ಅವನ ಹಾಗೆ ತಿನ್ನುವುದನ್ನು ಕಲಿ ಎಂದು ಬುದ್ಧಿ ಹೇಳಿದರು. ಮಾರನೆಯ ದಿನವೇ ನಮ್ಮವನು ಆದಿಮಾನವ. ಒಂದು ಬೊಗಸೆ ಹಸಿ ಕಾಳು, ಒಂದು ಹಸಿ ಗೆಡ್ಡೆ ಕಚ್ಚಿಕೊಂಡು ತಿಂದ. ಮಧ್ಯಾಹ್ನದೊಳಗೆ ಹೊಟ್ಟೆ ಹಿಡಿದುಕೊಂಡು ಇಳಿದು ಬಂದು ನನ್ನ ಬೆಂಚಿನ ಮೇಲೆ ಮುದುಡಿದ. ಸುದ್ದಿ ತಿಳಿದು ಅಕ್ಕ ಬಂದರು.

"ಹಸೀದು ತಿನ್ನು ಅಂತ ಯಾರೋ ಹೇಳಿದ್ದು ನಿಂಗೆ? ಬೆಂಕಿ ಸಿಕ್ಕಿ ಎಷ್ಟು ಕಾಲ ಆಯ್ತು, ನಿಂಗಿನ್ನೂ ಸುದ್ದಿ ಮುಟ್ಟಿಲ್ವಾ?"

"ಹಳೇ ಮನುಷ್ಯನ ಹಾಗೆ ತಿನ್ನು ಅಂದ್ಯಲ್ಲಕ್ಕಾ."

"ಅವ್ನು ಊಟದ ಹತ್ರ ನಡ್ಕೊಂಡು ಹೋಗ್ತಿದ್ದ ಕಣೋ. ಅವ್ನಿಗೆ ಹಗ್ಗದಲ್ಲಿ ಬರ್ತಿರ್ಲಿಲ್ಲ. ಸಿಹಿ ಸಿಗ್ತಿದ್ದಿದ್ದೇ ಅಪರೂಪ, ಸಿಕ್ಕಿದ್ರೆ ಬಿಡ್ತಿರ್ಲಿಲ್ಲ. ನಿನ್ನ ಹೊಟ್ಟೆಗೆ ಇಲ್ಲೊಂದು ಅಂಗಡಿ ಇದೆ ಅನ್ನೋದೇ ಗೊತ್ತಿಲ್ಲ. ನಾಳೆ ಸಿಗುತ್ತೋ ಇಲ್ವೋ ಅಂತ ಇವತ್ತೇ ಕೂಡಿಡತ್ತೆ."

ಅಂಗಡಿ ಎನ್ನುವಾಗ ನನ್ನನ್ನೇ ನೋಡಿದರು. ನಾನು ತಕ್ಕಡಿ ಒರೆಸತೊಡಗಿದೆ.

ಮಾರನೆಯ ಬೆಳಗ್ಗೆ ಮೇಲಣ್ಣ ಹಗ್ಗ ಕತ್ತರಿಸಿದ. ಬೇಯಿಸಿದ ಕಾಳು, ಸೊಪ್ಪು, ಮೊಟ್ಟೆ, ಒಂದು ಹಣ್ಣು ತುಂಬಿದ ಡಬ್ಬಿಯನ್ನು ಕ್ರೇನಿನ ಬುಡಕ್ಕೆ ಕಟ್ಟಿದ. ಹಸಿದರೆ ನೂರಾ ಹತ್ತು ಮೆಟ್ಟಿಲು ಇಳಿಯಬೇಕು, ತಿಂದು ಮತ್ತೆ ನೂರಾ ಹತ್ತು ಹತ್ತಬೇಕು. ಮೊದಲ ವಾರ ಏದುಸಿರು ಬಿಡುತ್ತಾ, ಮುನಿಸಿಕೊಂಡ ಬೀಗರ ಮನೆಯ ಕಡೆ ನೋಡುವಂತೆ ನನ್ನ ಅಂಗಡಿಯ ಕಡೆ ನೋಡುತ್ತಿದ್ದ. ಬರಬರುತ್ತಾ, ಈ ಹಸಿವು ಅಷ್ಟು ಮೆಟ್ಟಿಲಿಗೆ ಬಾಳುತ್ತದೆಯೇ ಎಂದು ಮೇಲೆಯೇ ತೂಗಿ ನೋಡುವುದನ್ನು ಕಲಿತ. ಬಹಳ ಸಲ ಬಾಳುತ್ತಿರಲಿಲ್ಲ.

ವ್ಯಾಪಾರದ ಧರ್ಮ ಬಿಡಬಾರದಲ್ಲ. ಹೊಸ ಕ್ರೀಮ್ ಬಿಸ್ಕತ್ತು ಬಂದಿದೆ ಎಂದು ಒಂದು ದಿನ ಆಸೆ ತೋರಿಸಿದೆ.

"ಅಟ್ಟದ ಮೇಲಿಡಿ ಯಜಮಾನ್ರೇ," ಎಂದ. "ನೀವೇ ಹತ್ತಿ ತೆಕ್ಕೊಡೋದಾದ್ರೆ ಯಾವತ್ತಾದ್ರೂ ಒಂದು ತಿಂತೀನಿ."

ಗಡುವಿನ ದಿನ ಅಕ್ಕ ಉತ್ತರಪತ್ರಿಕೆಗಳ ಕಟ್ಟು ಹಿಡಿದು ನನ್ನ ಬೆಂಚಿನ ಮೇಲೆ ಕಾದರು. ಅರ್ಧ ಗಂಟೆ ಒಂದೇ ಹಾಳೆ ತಿದ್ದಿದರು. ಡಾಕ್ಟರ ಕೋಣೆಯಿಂದ ಹೊರಬಿದ್ದ ಮೇಲಣ್ಣ ನಮ್ಮ ಕಡೆ ತಿರುಗಲೇ ಇಲ್ಲ. ನೇರ ಕ್ರೇನಿಗೆ ಹೋಗಿ, ಎಲ್ಲೂ ನಿಲ್ಲದೆ ಹತ್ತಿದ. ಕ್ರೇನಿನ ಹಾರನ್ ಮೂರು ಸಲ ಮೊಳಗಿತು. ಹಡಗಿನಿಂದ ಎದ್ದ ಕೆಂಪು ಪೆಟ್ಟಿಗೆ ತೇಲಿ ಬಂದು, ಸದ್ದಿಲ್ಲದೆ ಲಾರಿಯ ಮೇಲೆ ಕೂತಿತು. ಕೆಳಗಿದ್ದವರೆಲ್ಲ ಕೈ ತಟ್ಟಿದರು.

"ಪಾಸು," ಎಂದರು ಅಕ್ಕ. ಆ ಖುಷಿಯಲ್ಲಿ ಕೈಯಲ್ಲಿದ್ದ ಹಾಳೆಗೂ ಎರಡು ಅಂಕ ಹೆಚ್ಚಿಗೆ ಬಿತ್ತು.

ಅವನನ್ನು ನೋಡಿ ಬಂದರಿನ ಬೇರೆ ಕ್ರೇನಿನವರೂ ಕಲಿತರು, ಈಗ ಕ್ರೇನುಗಳ ಬುಡದಲ್ಲಿ ಒಟ್ಟು ಐದು ಡಬ್ಬಿಗಳಿವೆ. ನಾನೂ ಬಿಸ್ಕತ್ತನ್ನು ಅಟ್ಟಕ್ಕೇರಿಸಿ, ಕಡಲೆಕಾಯಿ, ಹಣ್ಣು ಮುಂದಿಟ್ಟಿದ್ದೇನೆ. ಬಿಸ್ಕತ್ತೇ ಬೇಕೆಂದವರಿಗೆ ಏಣಿ ಹತ್ತಿ ತೆಗೆದುಕೊಡುತ್ತೇನೆ. ನನ್ನ ಸೊಂಟದ ಬೆಲ್ಟು ಎರಡು ತೂತು ಒಳಗೆ ಬಂದಿದೆ.