ನಿಲ್ಲದ ಕಣ್ಣುಗಳು

ಮಾವಳ್ಳಿಯ ಮೀನುಗಾರರ ಕಣ್ಣುಗಳು ನಮ್ಮ ಯಂತ್ರದ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಯಂತ್ರವೆಂದರೆ ಗಲ್ಲ ಊರಿ ಕುಳಿತು ನೋಡುವ ಒಂದು ಬಿಳಿ ಬೋಗುಣಿ. ಅದರ ನಡುವೆ ಒಂದು ಹಳದಿ ಬೆಳಕು. ಅದನ್ನೇ ನೋಡುತ್ತಿರಬೇಕು, ಬದಿಯಲ್ಲೆಲ್ಲೋ ಚುಕ್ಕೆಯಷ್ಟು ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಷ್ಟೇ ಕೆಲಸ. ಕಣ್ಣಿನೊಳಗಿನ ನರ ಮೆಲ್ಲಗೆ ಒಣಗುವ ಗ್ಲಾಕೋಮಾ ಎಂಬ ರೋಗವಿದೆಯಲ್ಲ, ಅದು ಮೊದಲು ತಿನ್ನುವುದು ಈ ಬದಿಯ ನೋಟವನ್ನು. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಎದುರಿನದೆಲ್ಲ ಚೆನ್ನಾಗಿಯೇ ಕಾಣುತ್ತಿರುವುದರಿಂದ ಬಹಳ ಕಾಲ ಯಾರಿಗೂ ಸುಳಿವು ಸಿಗುವುದಿಲ್ಲ.

ಗುಂಡಿ ಒತ್ತುವುದರಲ್ಲಿ ನಮ್ಮ ಜನ ಹಿಂದೆ ಬೀಳಲಿಲ್ಲ. ಕಣ್ಣು ಮಾತ್ರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಬ್ಬರ ನಂತರ ಒಬ್ಬರದು ಹೀಗೇ ಆಗಿ, ಈ ಪರೀಕ್ಷೆಯನ್ನು ನಂಬಲಾಗದು ಎಂದು ಯಂತ್ರ ಹೇಳುತ್ತಲೇ ಹೋಯಿತು. ನಮ್ಮ ಸಂಶೋಧನೆಯ ಗೈಡ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ದೋಣಿಯವರನ್ನು ಬಿಟ್ಟುಬಿಡಿ. ಗದ್ದೆಯ ಊರುಗಳಿಗೆ ಹೋಗಿ" ಎಂದರು. ಅವರಿಗೆ ಸಿಟ್ಟಿರಲಿಲ್ಲ. ಕೆಟ್ಟ ಲೆಕ್ಕದಿಂದ ಒಳ್ಳೆಯ ಸಂಶೋಧನೆ ಆಗುವುದಿಲ್ಲ ಎಂಬುದು ಅವರ ಮಾತು. ಅದು ಸರಿಯೂ ಹೌದು.

ನಾವು ಮೂವರು ಒಂದು ಕಣ್ಣಾಸ್ಪತ್ರೆಯಲ್ಲಿ ಸಂಶೋಧನೆಯ ತರಬೇತಿಗೆ ಸೇರಿದ್ದ ಡಾಕ್ಟರುಗಳು. ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದಲ್ಲಿ ಗಂಡಸರು ದಡದಲ್ಲೇ ಸಿಗುತ್ತಾರೆಂದು ನಮ್ಮನ್ನು ಆಗಲೇ ಕಳಿಸಿದ್ದರು. ಕುಮಟಾದಲ್ಲಿ ಒಂದು ಬಾಡಿಗೆ ಮನೆ. ಅಲ್ಲಿಂದ ಹೊನ್ನಾವರ, ಭಟ್ಕಳದವರೆಗೆ ದಿನಾ ಓಡಾಟ. ಮೂವರೂ ಇದೇ ಕಡಲ ಬದಿಯವರು. ಹಾಗೆಂದು ಮೂವರೂ ಒಂದೇ ದಾರಿಯಿಂದ ಕಣ್ಣಿನ ಕೆಲಸಕ್ಕೆ ಬಂದವರಲ್ಲ.

ಗೆಳತಿ ಭಟ್ಕಳದವಳು, ಮನೆಮಾತು ನವಾಯತಿ. ಅವಳ ಅಜ್ಜಿ ಮಲ್ಲಿಗೆ ಕಟ್ಟುವುದರಲ್ಲಿ ಹೆಸರಾದವರಂತೆ. ಹತ್ತಿರದ್ದು ಕಾಣದಾದಾಗ ಅಜ್ಜಿ ಅದನ್ನು ಹೇಳಲಿಲ್ಲ, ಬೆರಳು ನೋವೆಂದು ಹೇಳಿ ಹೂವಿನ ಬುಟ್ಟಿಯನ್ನು ಸೊಸೆಯ ಕಡೆ ಸರಿಸಿದರು. ಓದು ಬರಹ ಇಲ್ಲದವರಿಗೆ ಕನ್ನಡಕ ಯಾಕೆ ಎಂದು ಮನೆಯವರೂ ಸುಮ್ಮನಿದ್ದರು. ಇವಳಿಗೆ ಈಗ ಅದೇ ಹುಚ್ಚು. ಹೂ ಕಟ್ಟುವ, ಅಕ್ಕಿ ಆರಿಸುವ, ಮೀನು ಸೋಸುವ ಹೆಂಗಸರಿಗೆ ಹತ್ತಿರದ ಕನ್ನಡಕ ಯಾಕೆ ತಲುಪುವುದಿಲ್ಲ ಎಂಬುದರ ಬೆನ್ನು ಹತ್ತಿದ್ದಾಳೆ.

ಗೆಳೆಯ ಕುಮಟಾದ ಹತ್ತಿರದವನು. ಮನೆಯಲ್ಲಿ ಭತ್ತ, ಈರುಳ್ಳಿ ಬೆಳೆಯುತ್ತಾರೆ. ಕೊಯ್ಲಿನ ದಿನ ಅವನ ತಾಯಿಯ ಕಣ್ಣಿಗೆ ಭತ್ತದ ಗರಿ ಹೊಡೆದಿತ್ತು. ಸೊಪ್ಪಿನ ರಸ ಹಿಂಡುತ್ತಾ ದಿನ ಕಳೆದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಕೂತಾಗಿತ್ತು. ಮದುವೆ ಮನೆಗಳಲ್ಲಿ ಹಾಡು ಹೇಳುವವರ ಮುಂದಾಳು ಆಕೆ. ಕಣ್ಣು ಹೋದ ಮೇಲೆ ಮುಂದೆ ಕೂರಲಿಲ್ಲ. ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತು ಹಾಡು ಎತ್ತಿಕೊಡುತ್ತಿದ್ದಳು. ಗದ್ದೆಯಲ್ಲಿ ಆಗುವ ಕಣ್ಣಿನ ಹುಣ್ಣೇ ಅವನ ವಿಷಯ. ಈ ಕತೆಯನ್ನು ಅವನು ನಮಗೆ ಹೇಳಿದ್ದು ಪಾತ್ರೆ ತಿಕ್ಕುತ್ತಾ, ನಮ್ಮ ಕಡೆ ಬೆನ್ನು ಹಾಕಿಕೊಂಡು.

ನನಗೆ ಅಂಥ ಕತೆ ಇರಲಿಲ್ಲ. ನಾನು ಕಣ್ಣನ್ನು ಆರಿಸಿಕೊಂಡದ್ದು ಆ ಸೀಟು ಸಿಕ್ಕಿತೆಂದು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇಲ್ಲ. ಅಮ್ಮ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವವಳು, ಅಪ್ಪ ತಾಂಡೇಲ, ಅಂದರೆ ದೋಣಿಯ ಯಜಮಾನಿಕೆ ಅವನದು, ಚುಕ್ಕಾಣಿಯೂ ಅವನ ಕೈಯಲ್ಲೇ. ಬುಟ್ಟಿಯ ವಾಸನೆ ಸಮವಸ್ತ್ರಕ್ಕೆ ಹತ್ತುತ್ತದೆಂದು ಪಕ್ಕ ಕೂರದ ಹುಡುಗಿಯರ ನಡುವೆ ಓದಿದ್ದೇನೆ. ಇಂಗ್ಲಿಷ್ ಪುಸ್ತಕದ ಒಂದೊಂದು ಪುಟವನ್ನೂ ನಿಘಂಟು ಇಟ್ಟುಕೊಂಡು ದಾಟಿದ್ದೇನೆ. ಕಣ್ಣಿನ ಸರ್ಜನ್ ಆಗಿದ್ದೇನೆ. ಇದನ್ನು ಹೇಳುವಾಗ ನಾನು ದನಿ ಇಳಿಸುವುದಿಲ್ಲ.

ಗೈಡ್ ಫೋನು ಮಾಡಿದ ದಿನ ಅಡುಗೆ ಮಾಡುತ್ತಾ ಗೆಳೆಯ ನನ್ನನ್ನು ಕೆಣಕಿದ. "ನಿಮ್ಮ ಕಡೆಯವ್ರ ಕಣ್ಣು ಮೀನಿದ್ದಾಂಗೆ ಮಾರಾಯ್ತಿ, ನಿಲ್ಲೂದೇ ಇಲ್ಲ."

"ನಿಮ್ಮ ಕಡೆಯವ್ರದ್ದು ಈರುಳ್ಳಿ ನೆಟ್ಟಾಂಗೆ. ಇಟ್ಟಲ್ಲೇ ಇರ್ತದೆ."

ಗೆಳತಿ ನಕ್ಕು, "ಆತು, ಇಬ್ರೂ ಸುಮ್ನಿರಿ. ಸಾರು ಉಕ್ತಾ ಇದೆ" ಎಂದಳು.

ನಾನು ಇನ್ನೊಂದು ಮಾತು ಸೇರಿಸಿದೆ. "ನಿಲ್ಲಬಾರ್ದು ಅಂತ್ಲೇ ಕಲ್ಸಿದ್ದು ನಮ್ಗೆ." ಅಂದ ಮೇಲೆ ನಾನು ಏನು ಅಂದೆ ಎಂಬುದು ನನಗೇ ಕೇಳಿಸಿತು. ಸಣ್ಣವಳಿದ್ದಾಗ ಅಪ್ಪ ಹೊಳೆಯೊಳಗೆ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಶರಾವತಿ ಸಮುದ್ರ ಸೇರುವ ಅಳಿವೆಯ ಕಡೆ ಬೆರಳು ತೋರಿಸಿ ಹೇಳುತ್ತಿದ್ದ: "ಒಂದೇ ಕಡೆ ನೋಡೂಕಾಗ ಮಗಾ. ಎದ್ರಿನ ತೆರೆ ಎಲ್ರಿಗೂ ಕಾಣ್ತದೆ. ದೋಣಿ ಮಗಚೂದು ಬದಿಯಿಂದ ಬಂದದ್ದು." ಕೇರಿಯ ಗಂಡುಮಕ್ಕಳೆಲ್ಲ ಇದನ್ನು ಕೇಳಿಯೇ ಬೆಳೆದವರು. ಕಣ್ಣು ಒಂದು ಕಡೆ ನೆಟ್ಟವನನ್ನು ದೋಣಿಗೆ ಹತ್ತಿಸಿಕೊಳ್ಳುವುದಿಲ್ಲ. ಅಂಥವರನ್ನು ಕೂರಿಸಿ, ಅಲ್ಲಾಡದೆ ಹಳದಿ ಬೆಳಕು ನೋಡಿ ಎಂದರೆ?

ಇಬ್ಬರಿಗೂ ಹೇಳಿದೆ. ಗೆಳೆಯ ಒಲೆ ಆರಿಸಿ ಬಂದು ಕೂತ. ಕಣ್ಣು ಹೀಗೆ ಸದಾ ತಿರುಗುವುದರಿಂದ ಬದಿಯ ನೋಟ ಸತ್ತದ್ದು ಅವರಿಗೇ ತಿಳಿಯದೆ ಹೋಗುತ್ತಿರಬಹುದು ಎಂದು ಗೆಳತಿ ಹೇಳಿದಳು. ಮರುದಿನ ಹೊನ್ನಾವರದ ನಮ್ಮ ಕೇರಿಗೇ ಹೋಗುವುದೆಂದು ಆಯಿತು.

ಬಲೆ ಸರಿಮಾಡುವ ಚಪ್ಪರದಲ್ಲಿ ಯಂತ್ರ ಇಟ್ಟೆವು. ಜನ ಸುತ್ತ ನಿಂತರು, ಯಾರೂ ಕೂರಲಿಲ್ಲ. ಬಲೆ ಇಳಿಸುವುದಿರಲಿ, ಊಟಕ್ಕೆ ಕೂರುವುದಿರಲಿ, ತಾಂಡೇಲನ ಮೊದಲು ಯಾರೂ ಕೈ ಹಾಕುವುದಿಲ್ಲ. ಅಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದ. ಕಂಬಕ್ಕೆ ತೂಗಿಸಿದ್ದ ಹಲಗೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದ.

"ತಾಂಡೇಲ್ರು ಪಾಸು" ಎಂದು ಯಾರೋ ಕೂಗಿದರು.

"ನಾಕ್ನೇ ಕ್ಲಾಸಿಲಿ ಫೇಲಾದವ ನಾನು. ಈಗ ಆತು ನೋಡು" ಎಂದ ಅಪ್ಪ. ಎಲ್ಲರೂ ನಕ್ಕರು.

ಗೆಳತಿ ಕಣ್ಣಿನ ಒತ್ತಡ ಅಳೆದಳು. ಮತ್ತೊಮ್ಮೆ ಅಳೆದಳು. ಕಣ್ಣಿನೊಳಗಿನ ನರ ನೋಡಿ ನನ್ನ ಕಡೆ ತಿರುಗಿದಳು. ನಾನೂ ನೋಡಿದೆ. ನರದ ನಡುವೆ ಗುಳಿ ಬಿದ್ದಿತ್ತು, ಗ್ಲಾಕೋಮಾದ ಗುರುತು. ಎಷ್ಟು ನೋಟ ಉಳಿದಿದೆಯೆಂದು ತಿಳಿಯಬೇಕು. ಯಂತ್ರದ ಮುಂದೆ ಅಪ್ಪನ ಕಣ್ಣೂ ಉಳಿದವರಂತೆ ಅಲೆಯಿತು.

ನಾನು ಸ್ಟೂಲು ಎಳೆದು ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. ಒಂದು ಕಣ್ಣು ಮುಚ್ಚಿಸಿದೆ. "ಅಪ್ಪಾ, ನನ್ನ ಮೂಗೇ ನೋಡು. ನನ್ನ ಕೈ ಬದಿಯಿಂದ ಬತ್ತದೆ. ಕಂಡ ಕೂಡ್ಲೆ ಹೇಳು."

ನೋಡಿದ. ಕ್ಷಣದಲ್ಲೇ ಕಣ್ಣು ಜಾರಿತು. ಮತ್ತೆ ತಂದ, ಮತ್ತೆ ಜಾರಿತು. "ಆಗೂದಿಲ್ಲ ಮಗಾ. ಕಣ್ಣು ಕಟ್ಟಿ ಹಾಕ್ದಾಂಗೆ ಆಗ್ತದೆ."

"ನೀ ಬದಿ ನೋಡೂದು ಬೇಡ," ಎಂದೆ. "ಬದಿ ನಾ ನೋಡ್ತೆ."

ಅವನ ಹೆಗಲು ಇಳಿಯಿತು. ಕಣ್ಣು ನಿಂತಿತು. ಅಪ್ಪ ಅಷ್ಟು ಹೊತ್ತು ನನ್ನ ಮುಖವನ್ನೇ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಹಾಗೆ ನೋಡುತ್ತಾ ಕೂರುವ ರೂಢಿಯಿಲ್ಲ. ನಾನು ಬಲಗಡೆಯಿಂದ ಕೈ ತಂದೆ, ಬೆರಳು ಆಡಿಸುತ್ತಾ. ಕಾಣಬೇಕಾದ ಜಾಗ ದಾಟಿತು. ಅಪ್ಪ ಸುಮ್ಮನೆ ನೋಡುತ್ತಿದ್ದ. ಕೈಯನ್ನು ಇನ್ನೂ ಹತ್ತಿರ ತಂದೆ.

"ಶುರು ಮಾಡ್ಲಿಲ್ವಾ?" ಎಂದು ಕೇಳಿದ.

ನನ್ನ ಕೈ ಅವನ ಕೆನ್ನೆಯ ಹತ್ತಿರವಿತ್ತು. ಸುತ್ತ ನಿಂತವರಿಗೆಲ್ಲ ಅದು ಕಾಣುತ್ತಿತ್ತು.

"ಮಾಡಿದೆ ಅಪ್ಪಾ."

ಅವನು ಮುಖ ತಿರುಗಿಸಿ ಕೈಯನ್ನು ನೋಡಿದ. ನಂತರ ಚಿಕ್ಕಪ್ಪನ ಮಗನ ಕಡೆ ನೋಡಿದ. ಆ ಅಣ್ಣ ದೋಣಿಯಲ್ಲಿ ಅಪ್ಪನ ಬಲಗೈಯಿದ್ದ ಹಾಗೆ. "ಹೋದ ವರ್ಷ ಅಳಿವೆಲಿ ಒಂದು ತೆರೆ ಹೊಡ್ತಲ್ಲ, ಎಲ್ಲಿಂದ ಬಂತು ಅಂತ್ಲೇ ಗೊತ್ತಾಗ್ಲಿಲ್ಲ ನಂಗೆ. ಪ್ರಾಯ ಆತು ಅಂದ್ಕಂಡೆ."

"ನಾವೂ ಹಾಂಗೇ ಅಂದ್ಕಂಡದ್ದು ದೊಡ್ಡಪ್ಪಾ," ಎಂದ ಅಣ್ಣ. ಇದನ್ನು ಅವನು ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದನೆಂದು ದನಿಯಲ್ಲೇ ತಿಳಿಯುತ್ತಿತ್ತು.

"ಔಷಧ ಹಾಕಿದ್ರೆ ಹೋದದ್ದು ಬತ್ತದಾ?" ಎಂದು ಅಪ್ಪ ನನ್ನನ್ನು ಕೇಳಿದ.

"ಹೋದದ್ದು ಬರೂದಿಲ್ಲ. ಇದ್ದದ್ದು ಉಳೀತದೆ. ದಿನಾ ತಪ್ಪದೆ ಹಾಕ್ಬೇಕು."

ಮುಂದಿನದನ್ನು ನಾನು ಗೆಳತಿಗೆ ಬಿಟ್ಟೆ. ಅವಳು ಹೇಳಿದಳು: "ಕಾಕಾ, ದೋಣಿಗೆ ಹೋಗಿ. ಚುಕ್ಕಾಣಿ ಮಾತ್ರ ಬೇರೆಯವ್ರ ಕೈಲಿ ಇರ್ಲಿ. ನಿಮ್ಮೊಬ್ರ ಜೀವ ಅಲ್ಲ ಅದ್ರಲ್ಲಿ ಇರೂದು."

"ಅದು ನಮ್ಮ ದೋಣಿ ಸುದ್ದಿ," ಎಂದ ಅಪ್ಪ. ಅವಳ ಮೇಲೆ ಬೇಸರದಿಂದಲ್ಲ. ಎದ್ದು ಅಂಗಿಯ ತೋಳು ಸರಿಮಾಡಿಕೊಂಡು ಉಳಿದವರಿಗೆ, "ಹೂಂ, ಎಂತ ನೋಡ್ತಾ ನಿಂತ್ರಿ? ಕೂತ್ಕಳಿ ಒಬ್ಬೊಬ್ರೇ" ಎಂದ. ಎಲ್ಲರೂ ಕೂತರು.

ಅಂದಿನಿಂದ ನಾವು ಪರೀಕ್ಷೆಯ ರೀತಿ ಬದಲಿಸಿದೆವು. ಯಂತ್ರದ ಮುಂದೆ ಕೂತವನ ಬೆನ್ನಿಗೆ ಅದೇ ದೋಣಿಯ ಇನ್ನೊಬ್ಬ ನಿಂತು, ಹೆಗಲ ಮೇಲೆ ಕೈಯಿಟ್ಟು, ಬದಿ ನಾನು ನೋಡಿಕೊಳ್ಳುತ್ತೇನೆ ಎನ್ನಬೇಕು. ಎಲ್ಲರ ಕಣ್ಣೂ ನಿಂತಿತೆಂದು ಹೇಳಲಾರೆ. ಬಹಳ ಜನರದು ನಿಂತಿತು. ಗೈಡ್ ಈ ಸಲ ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಿದರು, ಇದನ್ನು ಸರಿಯಾದ ಕ್ರಮದಲ್ಲಿ ಮಾಡಿ ನೋಡು, ಇದೇ ನಿನ್ನ ವಿಷಯ ಎಂದರು. ಕಡಲಿಗೆ ಹೋಗುವವರ ನೋಟವನ್ನು ಅಳೆಯುವುದು ಹೇಗೆ ಎಂಬುದೇ ಈಗ ನನ್ನ ಕೆಲಸ. ನೀನು ಯಾಕೆ ಈ ಕಡೆ ಬಂದೆ ಎಂದು ಕೇಳಿದವರಿಗೆ ಹೇಳಲು ನನ್ನ ಬಳಿಯೂ ಈಗ ಒಂದು ಉತ್ತರವಿದೆ. ಅದನ್ನು ಪೂರ್ತಿ ಹೇಳುವುದಿಲ್ಲ.

ಚುಕ್ಕಾಣಿಯ ಮಾತನ್ನು ಅಪ್ಪ ಮತ್ತೆ ಎತ್ತಲೇ ಇಲ್ಲ. ಕಣ್ಣಿಗೆ ಔಷಧದ ಹನಿ ಹಾಕುವ ಕೆಲಸ ಅಮ್ಮನದಾಗಿತ್ತು. ಕತ್ತೆತ್ತು ಎನ್ನುವಳು, ಅವನು ಎತ್ತುವನು. ಚುಕ್ಕಾಣಿ ಬಿಡೆಂದು ಅವಳು ಕೇಳಲಿಲ್ಲ. ಕೇಳಿದರೆ ಹಟ ಹಿಡಿದಾನೆಂದು ಅವಳಿಗೆ ಗೊತ್ತಿತ್ತು.

ನಿಷೇಧ ಮುಗಿದು ದೋಣಿಗಳು ಮತ್ತೆ ಇಳಿಯುವ ದಿನ ನಾನು ರಜೆ ಹಾಕಿ ಬಂದೆ. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಗಿತ್ತು. ಅಪ್ಪ ಎಂದಿನಂತೆ ಎಲ್ಲರಿಗಿಂತ ಮೊದಲು ಹತ್ತಿ ಹಿಂದಕ್ಕೆ ಹೋಗಿ ಚುಕ್ಕಾಣಿಯ ಬಳಿ ನಿಂತ. ದೋಣಿ ಹೊರಟು ನೀರಿನಲ್ಲಿ ಸಣ್ಣದಾಯಿತು. ಅಮ್ಮ ನನ್ನ ಪಕ್ಕ ಬುಟ್ಟಿ ಹಿಡಿದು ನಿಂತಿದ್ದಳು. ಅವಳಿಗೆ ಅಷ್ಟು ದೂರದ್ದು ಕಾಣುವುದಿಲ್ಲ.

ಅಳಿವೆಯ ನೊರೆ ಹತ್ತಿರವಾಗುತ್ತಿದ್ದಂತೆ ಹಿಂದೆ ನಿಂತಿದ್ದ ಆಕೃತಿ ಅಲುಗಿತು. ಅಪ್ಪ ಅಣ್ಣನನ್ನು ತೋಳು ಹಿಡಿದು ತನ್ನ ಜಾಗಕ್ಕೆ ಎಳೆದುಕೊಂಡ. ತಾನು ಅವನ ಎದುರಿಗೆ, ಅಳಿವೆಗೆ ಬೆನ್ನು ಹಾಕಿ ಕೂತುಬಿಟ್ಟ. ದೋಣಿಯ ಮೂತಿ ಎದ್ದಿತು, ಬಿತ್ತು, ಮತ್ತೆ ಎದ್ದಿತು, ಆಚೆಯ ನೀಲಿ ನೀರಿಗೆ ಇಳಿಯಿತು.

"ದಾಟಿದ್ರಾ?" ಎಂದಳು ಅಮ್ಮ.

"ದಾಟಿದ್ರು."

"ಯಾರು ಹಿಡ್ದದ್ದು?"

"ಅಣ್ಣ."

ಅಮ್ಮ ಬುಟ್ಟಿಯನ್ನು ಮರಳಿನ ಮೇಲಿಟ್ಟು ಅದರ ಪಕ್ಕ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಂತರ ಎದ್ದು, "ನಡಿ, ನಿಂಗೆ ಬಸ್ಸಿಗೆ ಹೊತ್ತಾತು," ಎಂದಳು.