ನಾರಾಯಣಖೇಡದ ನಾಕೆಯಲ್ಲಿ ಚಿಗವ್ವನ ಕರಡಿಗೆ

ತಾಂಡೂರಿನಿಂದ ಮುಂಜಾನೆಯ ರೈಲಿಗೆ ಹೊರಟು, ವಿಕಾರಾಬಾದಿನಲ್ಲಿ ಬದಲಿಸಿ, ಜಹೀರಾಬಾದಿಗೆ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಜೊತೆಗೆ ಅವ್ವನ ತಂಗಿ, ನನ್ನ ಚಿಗವ್ವ. ಕಂಗ್ಟಿಯಲ್ಲಿ ಆಕೆಯ ಮೊಮ್ಮಗನಿಗೆ ಲಿಂಗ ಕಟ್ಟುವ ಕಾರ್ಯವಿತ್ತು. ಎತ್ತಿನ ಗಾಡಿಯವನು ನಿಜಾಮರ ಹಾಲಿ ನಾಣ್ಯದ ಎರಡು ರೂಪಾಯಿ ಕೇಳಿದ, ಕೊಡದೆ ಗತಿಯಿರಲಿಲ್ಲ.

ನಿಜಾಮರ ವಿರುದ್ಧ ಎದ್ದವರು ಗಡಿಯ ಠಾಣೆಗಳ ಮೇಲೆ ಬಾಂಬು ಎಸೆದಂದಿನಿಂದ ಸರ್ಕಾರ ಎಚ್ಚೆತ್ತಿತ್ತು. ಹೊಸಬರು ಬಂದರೆ ಊರ ಪೊಲೀಸ್ ಪಾಟೀಲ ಠಾಣೆಗೆ ಸುದ್ದಿ ಮುಟ್ಟಿಸಬೇಕು. ಠಾಣೆಯಿಂದ ಜಿಲ್ಲೆಗೆ ತಂತಿ ಹೋಗಬೇಕು. ದಾರಿಗೊಂದು ತಪಾಸಣೆಯ ನಾಕೆ, ಅಲ್ಲಿ ಬಂದೂಕಿನ ಜವಾನರು. ಇಷ್ಟಿದ್ದೂ ಬೆಂಕಿ ಹಚ್ಚುವವರು ಹಚ್ಚಿಯೇ ಹೋಗುತ್ತಿದ್ದರು. ಗಂಟು ಬಿಚ್ಚಿ ತೋರಿಸುವ ಕರ್ಮ ಮಾತ್ರ ನಮ್ಮಂಥವರದು.

ನಾರಾಯಣಖೇಡದ ನಾಕೆಯಲ್ಲಿ ಠಾಣೆಯ ಮುಖ್ಯಸ್ಥರಾದ ಅಮೀನರು, ಚಿಗವ್ವ ಲಿಂಗವಿಟ್ಟು ಕೊರಳಲ್ಲಿ ಕಟ್ಟಿಕೊಂಡಿದ್ದ ಬೆಳ್ಳಿಯ ಕರಡಿಗೆಯನ್ನು ತೆರೆಯಲು ಹೇಳಿದರು. ಎಲ್ಲೋ ಇಂಥದೇ ಕರಡಿಗೆಯಲ್ಲಿ ಬಾಂಬಿನ ಮದ್ದು ಸಿಕ್ಕಿತ್ತಂತೆ. ಲಿಂಗವನ್ನು ಪರರಿಗೆ ತೋರಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಬಲವಂತ ಮಾಡಿದರೆ ಇವತ್ತಿನಿಂದಲೇ ಅನ್ನ ನೀರು ಬಿಡುತ್ತೇನೆಂದು ಚಿಗವ್ವ ನೆಲಕ್ಕೆ ಕೂತಳು. ಹೇಳಿದ್ದನ್ನು ಮಾಡುವ ಹೆಂಗಸು. ಪದ್ಧತಿ ಮುರಿದು ನನ್ನ ಕರಡಿಗೆಯನ್ನೇ ತೆರೆದು ತೋರಿಸಿದೆ. ನಿಮ್ಮದರಲ್ಲಿ ಮದ್ದಿಲ್ಲವೆಂದರೆ ಆಕೆಯದರಲ್ಲೂ ಇಲ್ಲವೆಂದು ಹೇಗೆ ನಂಬಲಿ ಎಂದರು ಅಮೀನರು. ಅವರ ಮಾತೂ ಸುಳ್ಳಲ್ಲ.

ಆಗ ಭಾಲ್ಕಿ ಕಡೆಯ ಜವಾನನೊಬ್ಬ ಮುಂದೆ ಬಂದು, ತಾನೂ ಲಿಂಗಾಯತರ ಮನೆಯವನು, ತಾನು ನೋಡುತ್ತೇನೆ ಎಂದ. ದಿನಾ ಪೂಜೆ ಮಾಡುತ್ತೀಯಾ ಎಂದು ಚಿಗವ್ವ ಕೇಳಿದಳು.

"ಇಲ್ಲರಿ ಅವ್ವಾ. ನೌಕರಿಗಿ ಬಂದ ಮ್ಯಾಲ ಲಿಂಗಾನೇ ಕಳಕೊಂಡೀನಿ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಹುಚ್ಚ! ಚಿಗವ್ವ ಅವನನ್ನೇ ನೋಡಿದಳು.

"ಸುಳ್ಳು ಹೇಳಲಿಲ್ಲಲ್ಲ ನೀ. ಕೈ ತೊಳಕೊಂಡು ಬಾ."

ಸೆರಗಿನ ಮರೆಯಲ್ಲಿ ಅವನೊಬ್ಬನಿಗೇ ತೆರೆದು ತೋರಿಸಿದಳು. ಲಿಂಗವೇ ಇದೆ ಎಂದು ಅವನು ಕಣ್ಣೊರೆಸಿಕೊಳ್ಳುತ್ತ ಹೇಳಿದ. ಅಮೀನರು ದಾರಿ ಬಿಟ್ಟರು.

ಕಂಗ್ಟಿಯಲ್ಲಿ ಹೋಳಿಗೆ ಉಂಡೆವು, ಕಾರ್ಯ ಚೆನ್ನಾಗಿ ಆಯಿತು. ಮಗುವಿಗೆ ಲಿಂಗ ಕಟ್ಟಿದ ಅಯ್ಯನವರಿಂದ ಚಿಗವ್ವ ಇನ್ನೊಂದು ಲಿಂಗವನ್ನು ಕರಡಿಗೆ ಸಮೇತ ಕೇಳಿ ಪಡೆದಳು, ಆ ಜವಾನನಿಗೆಂದು.

ಮರಳುವಾಗ ಅವನು ನಾಕೆಯಲ್ಲಿರಲಿಲ್ಲ. ಕಾವಲು ಸಾಲದೆಂದು ನಾಗಲಗಿದ್ದದ ನಾಕೆಗೆ ಕಳಿಸಿದ್ದರು. ಆ ನಾಕೆಯನ್ನು ನಾವು ಮರಳಿದ ದಿನವೇ ನಸುಕಿನಲ್ಲಿ ಯಾರೋ ಸುಟ್ಟಿದ್ದರು.

"ಹುಡುಗ ಉಳೀಲಿಲ್ಲವ್ವಾ," ಎಂದರು ಅಮೀನರು. "ಸಂಜೀಕ ಅಲ್ಲೇ ಮಣ್ಣು ಅದ."

ಚಿಗವ್ವ ಗಾಡಿಯಲ್ಲೇ ಕೂತು ಅತ್ತಳು. ಆಮೇಲೆ ಇಳಿದು, ಹೊಸ ಕರಡಿಗೆಯನ್ನು ಅಮೀನರ ಮುಂದೆ ಹಿಡಿದಳು.

"ಕೊರಳಾಗ ಕಟ್ಟಿ ಮಣ್ಣು ಮಾಡ್ರಿ, ಸಾಹೇಬ್ರ."

ಅಮೀನರು ಎರಡೂ ಕೈಯಲ್ಲಿ ತೆಗೆದುಕೊಂಡು, ಯಾರ ಕೈಗೂ ಕೊಡದೆ, ತಾವೇ ಕುದುರೆ ಏರಿ ನಾಗಲಗಿದ್ದದ ದಾರಿ ಹಿಡಿದರು.