ಮೂರು ಹಲ್ಲಿನ ಎಸಳು

ಮುಂಬೈನ ಮಲಾಡ್‌ನ ನಮ್ಮ ಸೊಸೈಟಿಯಲ್ಲಿ ಮಾಲಿಯಾಗಿದ್ದವರು ವಿಜಯಪುರದ ಕಡೆಯವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಗೇಟಿನ ಪಕ್ಕದ ಪಾತಿಯಲ್ಲಿ ಅವರು ಗೈಲಾರ್ಡಿಯಾ ಬೆಳೆಸಿದ್ದರು. ಅದು ಅಮೆರಿಕದ ಹುಲ್ಲುಗಾವಲಿನಿಂದ ಬಂದ, ಸೇವಂತಿಗೆಯ ಬಳಗದ ಹೂವು; ನಡುವೆ ಕೆಂಪು, ಅಂಚಿಗೆ ಹಳದಿ. ಗಿಡದ ಬಗ್ಗೆ ಏನು ಕೇಳಿದರೂ ಕಾಕಾ, "ನೋಡಿ ಹೇಳ್ತೀನ್ರಿ" ಎನ್ನುವರು. ಎಲೆ ಮಗುಚಿ, ಮಣ್ಣು ಬೆರಳಲ್ಲಿ ಉಜ್ಜಿ ನೋಡದೆ ಮಾತಾಡಿದವರಲ್ಲ.

ಒಂದು ಬೆಳಿಗ್ಗೆ ನಾನು ಫೋನಿನಲ್ಲಿದ್ದಾಗ ಒಂದೂವರೆ ವರ್ಷದ ಮಗಳು ಪಾತಿಯ ಬಳಿ ಕೂತು ಏನನ್ನೋ ಅಗಿಯುತ್ತಿದ್ದಳು. ತುಟಿಯೆಲ್ಲ ಹಳದಿ. ಅಲ್ಲೇ ಪಕ್ಕದ ಬಿಲ್ಡಿಂಗಿನ ಹಳದಿ ಕಣಗಿಲೆ ಹೂಗಳೂ ಉದುರಿದ್ದವು. ಕಣಗಿಲೆ ವಿಷ.

"ಕಾಕಾ, ಯಾವುದು ತಿಂದಳೋ ಗೊತ್ತಾಗ್ತಿಲ್ಲ" ಎಂದೆ.

"ನೋಡಿ ಹೇಳ್ತೀನ್ರಿ."

ಕೈ ತೊಳೆದುಕೊಂಡು ಬಂದು, ಮಗುವಿನ ಬಾಯಲ್ಲಿದ್ದದ್ದನ್ನೆಲ್ಲ ಬೆರಳಿನಿಂದ ತೆಗೆದು ಅಂಗೈ ಮೇಲೆ ಹರವಿದರು. "ಎಸಳಿನ ತುದಿಗೆ ಮೂರು ಹಲ್ಲು ಅದಾವ ನೋಡ್ರಿ ತಾಯಿ. ಕಣಗಿಲಿಗೆ ಇರಂಗಿಲ್ಲ. ಇದು ನಮ್ಮ ಹೂವೇ. ಆದ್ರೂ ಡಾಕ್ಟರ್‌ಗೆ ತೋರಸೂಣು, ನಡೀರಿ."

ಎಸಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಆಟೋದಲ್ಲಿ ಜೊತೆಗೇ ಬಂದರು. ಡಾಕ್ಟರು ಮಗುವನ್ನು ಸಂಜೆಯವರೆಗೆ ಇರಿಸಿಕೊಂಡು, ಏನೂ ಆಗಿಲ್ಲ, ಕರೆದುಕೊಂಡು ಹೋಗಿ ಎಂದಾಗ ನಾನು ಅತ್ತುಬಿಟ್ಟೆ. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತೇ ಇದ್ದ ಕಾಕಾ ಆಗ ಬೆಂಚಿನ ಮೇಲೆ ಕೂತರು.

"ತಾಯಿ, ಒಂದೀಟು ನೀರು ಕೊಡ್ರಿ."

ನಾನು ಕೊಟ್ಟ ಬಾಟಲಿ ಹಿಡಿಯಲು ಅವರಿಗೆ ಎರಡೂ ಕೈ ಬೇಕಾದವು.